ಗಡಿಯಾರದವರ ಶನಿವಾರದ ಹಾಡು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಸಿಕ್ಕರೆ ಗಡಿಯಾರದವರು, ಬೆನ್ನ ಹಿಂದೆ ಕರೆಕ್ಟ್ ಟೈಮು. ಬೆಳಿಗ್ಗೆ ಒಂಬತ್ತಕ್ಕೆ ಅವರ ರಿಪೇರಿ ಅಂಗಡಿಯ ಬಾಗಿಲು ಮೇಲೆದ್ದ ಸದ್ದು ಕೇಳಿ ಎದುರುಮನೆಯವರು ತಮ್ಮ ಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಇಂಥ ಮನುಷ್ಯ ಒಂದೇ ಒಂದು ಮಾತು ಹೇಳುವುದಕ್ಕೆ ಇಪ್ಪತ್ತು ವರ್ಷ ತಡಮಾಡಿದರೆಂದರೆ ಯಾರು ನಂಬುತ್ತಾರೆ? ಆದರೆ ಮಾಡಿದರು.

ಅಂಗಡಿಯ ಹಿಂದೆ ಒಂದು ಕೋಣೆ. ಅಲ್ಲಿ ಅವರಪ್ಪನ ಕಾಲದ ರೆಕಾರ್ಡ್ ಪ್ಲೇಯರು, ಒಂದು ಬೆಂಚು, ಎರಡು ಕುರ್ಚಿ, ಗೋಡೆ ತುಂಬಾ ರಿಪೇರಿಗೆ ಬಂದ ಗಡಿಯಾರಗಳು. ಶನಿವಾರ ಮಧ್ಯಾಹ್ನ ಮೂರಕ್ಕೆ ನಾಲ್ಕು ಜನ ಸೇರುತ್ತಿದ್ದರು: ಗಡಿಯಾರದವರು, ಅವರ ಜೊತೆಗೇ ಇದ್ದ ಅಕ್ಕ, ರಿಟೈರಾದ ಪೋಸ್ಟ್ ಮಾಸ್ತರರು, ಮತ್ತೆ ಹೈಸ್ಕೂಲಿನ ಭೂಗೋಳದ ಟೀಚರಮ್ಮ. ಸಂಗೀತ ಶುರುವಾಗುವ ಮುಂಚೆ ಗಡಿಯಾರದವರು ಗೋಡೆಯ ಒಂದೊಂದು ಗಡಿಯಾರದ ಲೋಲಕವನ್ನೂ ಬೆರಳಿನಿಂದ ಹಿಡಿದು ನಿಲ್ಲಿಸುವರು. ಪಿಟೀಲುಗಳ ನಡುವೆ ಟಿಕ್ ಟಿಕ್ ಬಂದರೆ ಅವರಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ. ಬಂದವರ ಕೈಗಡಿಯಾರಗಳನ್ನೂ ಬಿಚ್ಚಿಸಿ ಅಂಗಡಿಯ ಡ್ರಾಯರಿಗೆ ಹಾಕುವರು. ಊರಿಗೆಲ್ಲ ಸಮಯ ಹೇಳುವ ಮನೆಯಲ್ಲಿ ವಾರಕ್ಕೆ ಎರಡು ಗಂಟೆ ಸಮಯವೇ ಇರುತ್ತಿರಲಿಲ್ಲ.

ಆಮೇಲೆ ಜಗಳ. ಮಾಸ್ತರರಿಗೆ ಮಾತಿಲ್ಲದ ಸಂಗೀತವೇ ಬೇಕು, ಐವತ್ತು ಜನ ಒಟ್ಟಿಗೆ ನುಡಿಸಿ ಎದೆ ಕಲಕಬೇಕು. ಟೀಚರಿಗೆ ಹಳೇ ಸಿನಿಮಾ ಹಾಡು ಅಂದರೆ ಪ್ರಾಣ.

"ಮಾತು ಬಂದ ತಕ್ಷಣ ಸಂಗೀತ ಚಿಕ್ಕದಾಗಿಬಿಡುತ್ತೆ ಟೀಚರ್," ಎನ್ನುವರು ಮಾಸ್ತರರು.

"ಬಾಯೇ ಬಿಡದೆ ಇದ್ರೆ ಒಬ್ಬರ ಮನಸ್ಸಲ್ಲಿರೋದು ಇನ್ನೊಬ್ಬರಿಗೆ ಹೇಗೆ ಗೊತ್ತಾಗ್ಬೇಕು?" ಎಂದು ಟೀಚರ್ ಕೇಳಿದರೆ, ಗಡಿಯಾರದವರು ರೆಕಾರ್ಡಿನ ಧೂಳು ಒರೆಸುವುದರಲ್ಲಿ ಮುಳುಗಿಹೋಗುತ್ತಿದ್ದರು. ಅಕ್ಕ ಹೊಲಿಯುತ್ತಿದ್ದ ಬಟ್ಟೆಯಿಂದ ತಲೆಯೆತ್ತಿ ತಮ್ಮನನ್ನೇ ದುರುಗುಟ್ಟಿ ನೋಡುವಳು.

ಮಾಸ್ತರರು, ಟೀಚರ್ ಇಬ್ಬರೂ ಒಪ್ಪುತ್ತಿದ್ದದ್ದು ಒಂದೇ ಹಾಡನ್ನು. ಮೊದಲು ಬರೀ ಪಿಟೀಲುಗಳು, ಒಂದರ ಹಿಂದೆ ಒಂದು ಏರುತ್ತ ಬಂದು, ಇನ್ನೇನು ತುದಿ ಮುಟ್ಟಿದವು ಅನ್ನುವಾಗ ನಿಲ್ಲುತ್ತವೆ. ಆಮೇಲೆ ಹಾಡುವ ಹೆಂಗಸಿನ ತುಂಬುದನಿ. ಯಾರಿಗೋ ಕಾಯುತ್ತಿರುವವಳ ಹಾಡು.

"ಇವಳಿಗೆ ಅವಸರಾನೇ ಇಲ್ಲ ನೋಡಿ," ಎಂದು ಟೀಚರ್ ಪ್ರತಿ ಸಲವೂ ಹೇಳುವರು. "ಬರ್ತಾನೆ ಅಂತ ಗೊತ್ತಿರೋಳು ಮಾತ್ರ ಹೀಗೆ ನಿಧಾನವಾಗಿ ಕಾಯೋಕೆ ಸಾಧ್ಯ."

ಅದೇ ಹಾಡು ರೇಡಿಯೋದಲ್ಲಿ ಬಂದಾಗ ಮಾತ್ರ ಇಬ್ಬರಿಗೂ ಸಪ್ಪೆ ಎನ್ನಿಸುತ್ತಿತ್ತು. "ಅವರಿಗೆ ಜಾಹೀರಾತಿನ ಗಡಿಬಿಡಿ, ಹಾಡನ್ನ ಓಡಿಸ್ತಾರೆ," ಎಂದು ಮಾಸ್ತರರು ತೀರ್ಪು ಕೊಟ್ಟಿದ್ದರು.

ಹೀಗೆ ಆರು ವರ್ಷ ನಡೆಯಿತು. ಆಮೇಲೆ ಟೀಚರ್ ಅವರ ಅತ್ತಿಗೆ ಎರಡು ಚಿಕ್ಕ ಮಕ್ಕಳನ್ನು ಬಿಟ್ಟು ತೀರಿಕೊಂಡರು. ಅಣ್ಣನ ಮಕ್ಕಳನ್ನು ನೋಡಿಕೊಳ್ಳಲು ಟೀಚರ್ ವರ್ಗ ಮಾಡಿಸಿಕೊಂಡು ದೂರದೂರಿಗೆ ಹೊರಟರು. ಕೊನೆಯ ಶನಿವಾರ ಹಾಡು ಮುಗಿದಾಗ ಮಾತು ಗಡಿಯಾರದವರ ನಾಲಿಗೆಯ ತುದಿಗೇ ಬಂದಿತ್ತು. ಬಾಗಿಲವರೆಗೆ ಹೋಗಿ, ಗಂಟಲು ಸರಿಮಾಡಿಕೊಂಡು, "ಹುಷಾರಾಗಿ ಹೋಗಿ ಬನ್ನಿ," ಎಂದರು. ಆ ರಾತ್ರಿ ಅಕ್ಕ ತಟ್ಟೆಯನ್ನು ಕುಕ್ಕಿದ ರಭಸಕ್ಕೆ ಸಾರು ಚೆಲ್ಲಿತು.

ಆಮೇಲೆ ಆ ರೆಕಾರ್ಡನ್ನು ಅವರು ಮುಟ್ಟಲಿಲ್ಲ. ಮಾಸ್ತರರು ಇರುವಷ್ಟು ದಿನ ತಮ್ಮ ಮಾತಿಲ್ಲದ ಸಂಗೀತ ಕೇಳಿಕೊಂಡು ಹೋದರು, ಅವರ ಕಾಲವೂ ಮುಗಿದ ಮೇಲೆ ಪ್ಲೇಯರಿಗೆ ಬಟ್ಟೆ ಹೊದಿಸಿದ್ದಾಯಿತು. ಆದರೆ ಶನಿವಾರ ಮೂರು ಗಂಟೆಯಾದರೆ ಗಡಿಯಾರದವರ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಬೀದಿಯಲ್ಲಿ ಹೆಂಗಸರ ಚಪ್ಪಲಿಯ ಸದ್ದಾದರೆ ಈಗಲೂ ತಲೆಯೆತ್ತುತ್ತಿದ್ದರು. ಟೀಚರ್ ಬೇಕಾಗಿತ್ತು ಅವರಿಗೆ, ಇಪ್ಪತ್ತು ವರ್ಷವೂ ಬೇಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಆಗ ಒಂದು ಕಾಗದ ಬಂತು. ಟೀಚರ್ ಬರೆದಿದ್ದರು: ಮಕ್ಕಳಿಬ್ಬರೂ ದೊಡ್ಡವರಾಗಿ ಕೆಲಸ ಹಿಡಿದಿದ್ದಾರೆ, ಅಣ್ಣನಿಗೆ ಮೈ ಸರಿಯಿಲ್ಲ, ಅವನನ್ನು ಬಿಟ್ಟು ಬಹಳ ಹೊತ್ತು ಇರಲಾಗುವುದಿಲ್ಲ. ಬರುವ ಶನಿವಾರ ಈ ದಾರಿಯಾಗಿ ಹೋಗುತ್ತೇನೆ, ಎರಡು ರೈಲಿನ ನಡುವೆ ಎರಡು ಗಂಟೆ ಬಿಡುವಿದೆ. 'ನಮ್ಮ ಹಾಡನ್ನು ಎಲ್ಲೆಲ್ಲೋ ಕೇಳಿದೆ. ಎಲ್ಲಿ ಕೇಳಿದರೂ ಅದು ಅದಲ್ಲ. ನಿಮ್ಮ ಕೋಣೆಯಲ್ಲೇ ಕೇಳಬೇಕು.'

ಗಡಿಯಾರದವರು ಆ ಸಾಲನ್ನು ಎಷ್ಟು ಸಲ ಓದಿದರೋ ಲೆಕ್ಕವಿಲ್ಲ.

"ಈ ಸಲವಾದ್ರೂ ಬಾಯಿ ಬಿಡೋ," ಎಂದಳು ಅಕ್ಕ. "ಹುಷಾರಾಗಿ ಹೋಗಿ ಬನ್ನಿ ಅಂದ್ರೆ ನಾನೂ ಅವಳ ಹಿಂದೇನೇ ರೈಲು ಹತ್ತುತ್ತೀನಿ."

ಪ್ಲೇಯರಿನ ಬಟ್ಟೆ ತೆಗೆದರೆ ಒಳಗಿನ ರಬ್ಬರ್ ಬೆಲ್ಟು ಹಪ್ಪಳದಂತೆ ಮುರಿದಿತ್ತು. ರೇಡಿಯೋ ರಿಪೇರಿಯವನ ಕೈಕಾಲು ಹಿಡಿದರು. ಅವನು ಶನಿವಾರ ಎರಡು ಗಂಟೆಗೆ ತಂದಿಟ್ಟು, "ಹೊಸ ಬೆಲ್ಟು ಹಾಕಿದೀನಿ, ಈಗ ಸ್ಪೀಡು ಕರೆಕ್ಟಾಗಿದೆ," ಎಂದು ಹೇಳಿ ಹೋದ. ಕರೆಕ್ಟ್ ಎನ್ನುವ ಮಾತು ಕೇಳಿ ಇವರಿಗೆ ಸಮಾಧಾನವಾಯಿತು.

ಟೀಚರ್ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದೇ ಕುರ್ಚಿಯಲ್ಲಿ ಕೂತು, ಕೈಗಡಿಯಾರ ಬಿಚ್ಚಿಕೊಟ್ಟು, ಕಣ್ಣು ಮುಚ್ಚಿದರು. ಅಕ್ಕ ಚಹಾದ ನೆಪ ಹೇಳಿ ಒಳಗೆ ಹೋದಳು. ಗಡಿಯಾರದವರು ಲೋಲಕಗಳನ್ನು ನಿಲ್ಲಿಸಿ, ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದರು.

ಪಿಟೀಲುಗಳು ದಡಬಡ ಏರಿದವು. ಹೆಂಗಸಿನ ದನಿ ತೆಳ್ಳಗೆ, ಹುಡುಗಿಯ ದನಿಯ ಹಾಗೆ ಬಂತು. ಟೀಚರ್ ಕಣ್ಣು ಬಿಟ್ಟರು.

"ಇದು ಅದೇ ರೆಕಾರ್ಡಾ?"

"ಅದೇ ಟೀಚರ್."

"ಇವಳಿಗೇನು ಇಷ್ಟು ಅವಸರ?"

ಗಡಿಯಾರದವರು ಹಾಡು ನಿಲ್ಲಿಸಿದರು. ಅಂಗಡಿಗೆ ಹೋಗಿ ಕೈಗಡಿಯಾರ ತಂದು, ಹಾಡನ್ನು ಮತ್ತೆ ಮೊದಲಿನಿಂದ ಹಾಕಿ, ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತ ನಿಂತರು. ಲೇಬಲ್ಲಿನ ಮೇಲೆ ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದಿತ್ತು. ಸರಿಯಾಗಿ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಮುಗಿಯಿತು.

"ಈಗಿನ ಸ್ಪೀಡು ಸರಿಯಾಗಿದೆ," ಎಂದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಿದ್ದದ್ದು ಆಗ. ಬೆಲ್ಟು ಮೊದಲಿಂದಲೂ ಸಡಿಲ ಇತ್ತು ಅನ್ಸುತ್ತೆ. ಆರು ವರ್ಷ ನಿಧಾನವಾಗಿ ತಿರುಗಿದೆ. ಗಡಿಯಾರ ಎಲ್ಲಾ ನಿಲ್ಲಿಸಿ ಕೂತ್ಕೊಂಡ್ರೆ ಯಾರಿಗೆ ಗೊತ್ತಾಗ್ಬೇಕು?"

ಟೀಚರ್ ಮೊದಲು ಜೋರಾಗಿ ನಕ್ಕರು. "ಪಾಪ, ರೇಡಿಯೋದವರನ್ನ ಎಷ್ಟು ಬೈದ್ವಿ!" ಎಂದರು. ಆಮೇಲೆ ನಗು ನಿಂತಿತು. "ಹಾಗಾದ್ರೆ ನಾವು ಕೇಳಿದ ಹಾಡು ಎಲ್ಲೂ ಇಲ್ವಾ? ನಾನು ಇಷ್ಟು ವರ್ಷ ಹುಡುಕಿದ್ದು ಇಲ್ಲದೇ ಇರೋ ಹಾಡನ್ನಾ?"

ಅವರ ಕಣ್ಣು ತುಂಬಿದ್ದನ್ನು ಗಡಿಯಾರದವರು ನೋಡಿದರು. ಮತ್ತೆ ಮುಳ್ಳು ಇಳಿಸಿ, ತಿರುಗುವ ತಟ್ಟೆಯ ಅಂಚಿಗೆ ಬೆರಳಿನ ತುದಿ ಮುಟ್ಟಿಸಿದರು. ಕೂದಲಿನಷ್ಟು ತೆಳುವಾದ ಸ್ಪ್ರಿಂಗುಗಳನ್ನು ನಲವತ್ತು ವರ್ಷ ಹಿಡಿದ ಬೆರಳು. ಒತ್ತಿದರೆ ಹಾಡು ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ. ಪಿಟೀಲುಗಳು ತಡವರಿಸಿದವು, ತಗ್ಗಿದವು, ಆಮೇಲೆ ಒಂದರ ಹಿಂದೆ ಒಂದು ಸಾವಕಾಶವಾಗಿ ಏರತೊಡಗಿದವು. ಆ ಹೆಂಗಸಿನ ತುಂಬುದನಿ ಬಂತು.

ಟೀಚರ್ ಕಣ್ಣು ಮುಚ್ಚಿಕೊಂಡರು. "ಇವಳೇ," ಎಂದರು.

ಗಡಿಯಾರದವರು ಬೆನ್ನು ಬಗ್ಗಿಸಿ ನಿಂತಿದ್ದರು. ಕೈ ತೆಗೆಯುವ ಹಾಗಿಲ್ಲ, ಎಲ್ಲೂ ಓಡಿಹೋಗುವ ಹಾಗಿಲ್ಲ, ಒರೆಸುವುದಕ್ಕೆ ಧೂಳೂ ಇಲ್ಲ.

"ಟೀಚರ್," ಎಂದರು. "ಅವತ್ತು ನಾನು ಹೋಗ್ಬೇಡಿ ಅನ್ಬೇಕಿತ್ತು. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗ್ಲಿಲ್ಲ. ಈಗಲೂ ಆಗ್ತಿಲ್ಲ."

ಬೆರಳು ನಡುಗಿತು. ಹಾಡುವವಳ ದನಿಯೂ ನಡುಗಿತು.

"ಅಂದಿದ್ರೆ ಮಕ್ಕಳನ್ನೇ ಇಲ್ಲಿಗೆ ಕರ್ಕೊಂಡು ಬರ್ತಿದ್ದೆ," ಎಂದರು ಟೀಚರ್, ಕಣ್ಣು ತೆರೆಯದೆ. "ಈಗ ಐದು ಗಂಟೆ ರೈಲಿಗೆ ಹೋಗ್ಲೇಬೇಕು. ಅಣ್ಣ ಒಬ್ಬನೇ ಇದಾನೆ."

ಹಾಡಿನಲ್ಲಿ ಇನ್ನೊಂದು ಚರಣ ಬಾಕಿಯಿತ್ತು. ಗಡಿಯಾರದವರು ಬೆರಳು ತೆಗೆಯಲಿಲ್ಲ. ಆ ಚರಣವನ್ನು ಅವರು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ನಿಧಾನ ಮಾಡಿದರು.