ಅತ್ತಿಯ ಪದಕ್ಕೆ ದನಿಗೂಡಿಸಿದವರು

ಮೊನ್ನೆ ಇಂಡಿ ದಾರಿಯ ಹೋಟೆಲೊಂದರ ಬಾಗಿಲಲ್ಲಿ ಬೀಸುವ ಕಲ್ಲಿಗೆ ಬಣ್ಣ ಬಳಿದು, ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಹೊರಿಸಿ ಕೂರಿಸಿದ್ದರು. ಯಾರೂ ನೋಡದಾಗ ಕುಂಡ ಇಳಿಸಿ ಒಂದು ಸುತ್ತು ತಿರುಗಿಸಿದೆ. ಗರ್ ಎಂದಿತು. ಆ ಒಂದು ಸದ್ದಿಗೆ ಹೊರ್ತಿಯ ನಮ್ಮ ಮನೆಯ ಪಡಸಾಲೆ, ಸಾರಿಸಿದ ನೆಲದ ತಂಪು, ಬೆಚ್ಚಗಿನ ಜೋಳದ ಹಿಟ್ಟಿನ ವಾಸನೆ, ನಡುವೆ ಕಾಲು ಚಾಚಿ ಕೂತ ನೀಲವ್ವತ್ತಿ ಎಲ್ಲ ಎದ್ದು ಬಂದವು. ಅತ್ತಿ ಅಂದರೆ ಅಪ್ಪನ ತಂಗಿ. ಕಪ್ಪಗಿದ್ದಾಳೆಂದು ಗಂಡ ಬಿಟ್ಟಿದ್ದ. ಆಲಮಟ್ಟಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅಂದಿನಿಂದ ಅವಳು ಬೀಸುತ್ತ ಹಾಡುತ್ತಿದ್ದುದು ತಾನೇ ಕಟ್ಟಿದ ಪದ:

ಕರಿಯಾಕಿ ನಾನಂತ ಕಡಿಗಿಡಬ್ಯಾಡ್ರೆವ್ವ
ಕರಿಯ ಹೊಲದಾಗ ಬಿಳಿಜ್ವಾಳ ಬೆಳೆದೈತಿ
ಕರೆದು ನೋಡ್ರೆವ್ವ ಒಂದ್ಸಾರಿ

ಅಕ್ಕನ ಮದುವೆ ಬಂತು. ಅರಿಶಿಣ ಬೀಸಲು ಐವರು ಮುತ್ತೈದೆಯರು ಕಲ್ಲಿನ ಗೂಟ ಹಿಡಿಯಬೇಕು. ಹಾಡಿಲ್ಲದೆ ಕಲ್ಲು ತಿರುಗಬಾರದು. ಒಬ್ಬಳು ಎತ್ತಿಕೊಟ್ಟ ಸಾಲನ್ನು ಉಳಿದವರು ತಪ್ಪದೆ ಮರಳಿ ಹಾಡಬೇಕು. ಗಂಡ ಬಿಟ್ಟವಳು ಮುತ್ತೈದೆಯೋ ಅಲ್ಲವೋ ಎಂದು ಪಡಸಾಲೆಯಲ್ಲಿ ಉಚ್ಚ ನ್ಯಾಯಾಲಯ ಕೂತಿತು. ನ್ಯಾಯಾಧೀಶರು ದೊಡ್ಡಾಯಿ, ಅಜ್ಜನ ಅತ್ತಿಗೆ, ಐವರಲ್ಲಿ ಹಿರಿಯಳು. ಬಾಯೊಳಗಿನ ಎಲೆಅಡಿಕೆ ಮುಗಿಯುವ ತನಕ ವಿಚಾರಣೆ ನಡೆದು ತೀರ್ಪು ಹೊರಬಿತ್ತು.

"ನೀಲಿ, ನೀ ಒಳಗ ಕುಂತು ಪದಾ ಎತ್ತಿಕೊಡು. ಗೂಟಕ್ಕ ಕೈ ಹಚ್ಚಬ್ಯಾಡ."

"ನನ್ನ ಬಾಯಿ ಮುತ್ತೈದಿ, ಕೈ ಅಲ್ಲ ಅಂತೀ ಏನ ದೊಡ್ಡವ್ವ?"

"ಶಾಸ್ತ್ರ ಹಂಗೈತೆವ್ವ."

"ಹಂಗಾರ ಶಾಸ್ತ್ರಕ್ಕ ಹೇಳು, ಅದಾ ಹಾಡತೈತಿ."

ಐವರೂ ಗೂಟ ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಊರಿನ ಪದಗಳೆಲ್ಲ ಇದ್ದದ್ದು ಅತ್ತಿಯ ಗಂಟಲಲ್ಲಿ. ಒಬ್ಬಾಕೆ ಧೈರ್ಯ ಮಾಡಿ ಶುರುಮಾಡಿದಳು, ಎರಡನೆಯ ಸಾಲಿಗೆ ಕೆಮ್ಮು ಬಂತು. ಅಕ್ಕ ಮಣೆಯ ಮೇಲೆ ಬೆವರತೊಡಗಿದಳು. ಕೊನೆಗೆ ದೊಡ್ಡಾಯಿಯೇ, "ಬಾರವ್ವ, ಕುಂಡ್ರು. ಹೊತ್ತು ಮೀರಾಕತ್ತೈತಿ" ಅಂದಳು. ಅತ್ತಿ ಬಂದು ಐದು ಕೈಗಳ ನಡುವೆ ತನ್ನ ಕೈಗೆ ಜಾಗ ಮಾಡಿಕೊಂಡು ಹಾಡಿದಳು. ಮದುವೆಯ ಪದವನ್ನಲ್ಲ, ತನ್ನದನ್ನು. ನಿಯಮವೆಂದರೆ ನಿಯಮ: ಐವರು ಗೌರವಸ್ಥ ಬೆಳ್ಳನೆಯ ಹೆಂಗಸರೂ "ಕರಿಯಾಕಿ ನಾನಂತ" ಎಂದು ಒಕ್ಕೊರಲಲ್ಲಿ ಬೇಡಿಕೊಂಡರು. ದೊಡ್ಡಾಯಿಯ ದನಿ ಎಲ್ಲರಿಗಿಂತ ಮೇಲಿತ್ತು, ಕೊನೆಯ ಸಾಲಿಗೆ ಯಾಕೋ ನಡುಗಿತು. ಅವಳಿಗೂ ಯಾರನ್ನೋ ಕೇಳುವುದು ಉಳಿದಿತ್ತೇನೋ.

ಇಂಥವನ್ನು ಈಗಿನವರು ಅಳುಬುರುಕ ಹಾಡು ಅನ್ನುತ್ತಾರೆ. ಅನ್ನಲಿ. ನನ್ನನ್ನೂ ಕರೆಯಿರಿ ಎಂದು ಎದುರು ಕೂತು ಕೇಳಲು ಎಂಥ ಎದೆ ಬೇಕೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಐವರೂ ಈಗಿಲ್ಲ; ಪಡಸಾಲೆಯ ಮೇಲೆ ರಸ್ತೆ ಹಾದಿದೆ. ಅತ್ತಿ ತೀರಿಕೊಂಡ ದಿನ, ಗಂಡ ಇದ್ದಾನೋ ಸತ್ತಿದ್ದಾನೋ ಗೊತ್ತಿಲ್ಲವಲ್ಲ, ಹಸಿರು ಬಳೆ ತೊಡಿಸಬಹುದೋ ಬಾರದೋ ಎಂದು ಯಾರೋ ಕೇಳಿದರು. ನಾನು ಅವಳ ತಣ್ಣಗಿನ ಕೈ ತೊಡೆಯ ಮೇಲಿಟ್ಟುಕೊಂಡು, ಮುಂಗೈ ತುಂಬ ತೊಡಿಸಿದೆ.