ಅರವತ್ತೊಂದು ಟ್ಯಾಬ್, ಒಂದು ಕೊಟೇಶನ್

೧೯೮೬ರಲ್ಲಿ ಒಂಬತ್ತನೇ ಕ್ಲಾಸಿಗೆ ಓದು ನಿಲ್ಲಿಸಿ ರಾಜಾಜಿನಗರದ ಲೇತ್ ಶೆಡ್ಡಿಗೆ ಸೇರಿದೆ. ಅಲ್ಲಿಂದ ಇಲ್ಲಿಯವರೆಗೆ ನನ್ನದು ಒಂದೇ ಕಾನೂನು: ಕೆಲಸ ಮುಗಿದ ಕೂಡಲೇ ಸ್ಪ್ಯಾನರ್ ಗೋಡೆಯಲ್ಲಿನ ಅದರ ಮೊಳೆಗೆ ಹೋಗಬೇಕು. (ನನ್ನ ವರ್ಕ್‌ಶಾಪಿನಲ್ಲಿ ಇದಕ್ಕೆ ಬೈಸಿಕೊಳ್ಳದವರೇ ಇಲ್ಲ.)

ಕಳೆದ ಗುರುವಾರ ನನ್ನ ಮಾನವೇ ಹೋಯಿತು.

ಹೊಸ ಕಂಪನಿಯೊಂದಕ್ಕೆ ಸಂಜೆ ಐದರೊಳಗೆ ಕೊಟೇಶನ್ ಮೇಲ್ ಮಾಡಬೇಕಿತ್ತು. ಆರ್ಡರ್ ಸಿಕ್ಕರೆ ನಮ್ಮ ನಾಲ್ಕು ಜನಕ್ಕೆ ವರ್ಷವಿಡೀ ಕೆಲಸ. ನಾಲ್ಕಕ್ಕೆ ಕಂಪ್ಯೂಟರ್ ಮೊಂಡಾಟ ಹೂಡಿತು. ಒತ್ತಿದರೆ ಚಕ್ರ ಸುತ್ತುತ್ತದೆ, ಮೇಲ್ ಮಾತ್ರ ತೆರೆಯುವುದಿಲ್ಲ.

ಮಾರೇನಹಳ್ಳಿಯ ಕಂಪ್ಯೂಟರ್ ರಿಪೇರಿ ಕಿರಣ್ ಓಡಿಬಂದ. "ಮೆಮೊರಿ ಹೋಗಿದೆ, ಹೊಸದು ಹಾಕು" ಅಂದೆ. ಅವನು ಪರದೆ ನೋಡಿ ನಕ್ಕ.

"ಸಾರ್, ಮೆಮೊರಿ ಚೆನ್ನಾಗೇ ಇದೆ. ಬ್ರೌಸರಲ್ಲಿ ಅರವತ್ತೊಂದು ಟ್ಯಾಬ್ ಓಪನ್ ಇಟ್ಟಿದೀರ! ಒಂದೊಂದೂ ತನ್ನ ಪಾಲು ಬೇರೆಬೇರೆ ತಿನ್ನುತ್ತೆ."

"ಎಲ್ಲಕ್ಕೂ ಸೇರಿ ಒಂದೇ ಪಾಲು ಸಾಲಲ್ವಾ? ಏನಯ್ಯಾ ಈ ದುಂದು?"

"ಆಗ ಒಂದು ಕೆಟ್ರೆ ಎಲ್ಲಾ ಮಲ್ಗುತ್ತೆ ಸಾರ್."

ನಾನು ಸೇರಿದ ಶೆಡ್ಡಿನಲ್ಲೂ ಹಾಗೇ, ಆರು ಲೇತಿಗೆ ಒಂದೇ ಮೋಟರ್. ಮೇಲೆ ಉದ್ದನೆಯ ಶಾಫ್ಟ್, ಅದರಿಂದ ಆರು ಬೆಲ್ಟ್. ಮೋಟರ್ ಸುಟ್ಟುಹೋದರೆ ಆರೂ ಜನ ಬೀಡಿ ಹಚ್ಚುತ್ತಿದ್ದರು. ಈಗ ನನ್ನಲ್ಲಿ ಲೇತಿಗೊಂದು ಮೋಟರ್. ಕರೆಂಟ್ ಜಾಸ್ತಿ ತಿನ್ನುತ್ತವೆ, ನಿಜ. ಆದರೆ ಒಂದು ನಿಂತರೆ ಉಳಿದವು ಓಡುತ್ತವೆ. ಬ್ರೌಸರ್ ಮಾಡಿದವನ ಲೆಕ್ಕಾಚಾರವೂ ಅದೇ! ಆದರೆ ಇಲ್ಲಿ ಕೆಲಸವಿಲ್ಲದ ಮಷೀನುಗಳನ್ನೆಲ್ಲ ಆನ್ ಮಾಡಿಟ್ಟವನು ಯಾರು? ನಾನೇ.

ಲೇತ್ ಓಡಿಸುತ್ತಾ ಇಪ್ಪತ್ತು ವರ್ಷದಿಂದ ನನ್ನ ಕೈಲಿ ಬೈಸಿಕೊಳ್ಳುತ್ತಿರುವ ಟರ್ನರ್ ಶಿವಣ್ಣ ಬಾಗಿಲಲ್ಲೇ ನಿಂತಿದ್ದ. "ಯಜಮಾನ್ರೇ, ಕೆಲ್ಸ ಮುಗಿದ್ಮೇಲೆ ಸ್ಪ್ಯಾನರ್ ಮೊಳೆಗೆ ಹೋಗ್ಬೇಕು ಅಲ್ವಾ?"

"ಎಲ್ಲಾ ಕ್ಲೋಸ್ ಮಾಡ್ಲಾ ಸಾರ್?" ಅಂದ ಕಿರಣ್.

"ಬೇಡ!" ಎಂದು ಕಿರುಚಿದೆ.

ಯಾಕೆ? ಅವರಿಬ್ಬರಿಗೆ ಹೇಳಿದ್ದನ್ನೇ ನಿಮಗೂ ಹೇಳಿಯೇಬಿಡುತ್ತೇನೆ. ಬೇರಿಂಗ್ ರೇಟು, ಸ್ಟೀಲ್ ಗ್ರೇಡು, ಜಿಎಸ್‌ಟಿ... ಅವೆಲ್ಲ ಯಾರ್ಯಾರೋ ಟೈಪ್ ಮಾಡಿ ಹುಡುಕಿಕೊಟ್ಟ ಪುಟಗಳು. ಮುಚ್ಚಿದರೆ ಮತ್ತೆ ತೆರೆಯಲು ನನಗೆ ಸ್ಪೆಲ್ಲಿಂಗ್ ಬರುವುದಿಲ್ಲ. ಮೈಕ್ರೋಮೀಟರ್ ಹಿಡಿದು ಕೂದಲಿನ ದಪ್ಪ ಹೇಳಬಲ್ಲೆ. ಇಂಗ್ಲಿಷಿನಲ್ಲಿ 'ಬೇರಿಂಗ್' ಬರೆಯಲು ಬೆವರುತ್ತೇನೆ.

ಶಿವಣ್ಣ ನಗಲಿಲ್ಲ. "ಅಷ್ಟೇನಾ? ಬರ್ಕೊಂಡ್ರಾಯ್ತು ಬಿಡಿ" ಎಂದು ಎದುರಿನ ಅಂಗಡಿಯಿಂದ ನೋಟ್‌ಬುಕ್ ತಂದ.

ನೋಡಿದರೆ ನಿಜವಾಗಿ ಬೇಕಾದ ಪುಟಗಳು ಒಂಬತ್ತೇ. ಅವುಗಳ ಸ್ಪೆಲ್ಲಿಂಗನ್ನು ಕಿರಣ್ ಒಂದೊಂದೇ ಅಕ್ಷರ ಹೇಳಿದ, ನಾನು ಬರೆದೆ. ಆಮೇಲೆ ಎಲ್ಲ ಮುಚ್ಚಿದ. ಐದಕ್ಕೆ ಮೂರು ನಿಮಿಷ ಇರುವಾಗ ಕೊಟೇಶನ್ ಹೋಯಿತು. ಸೋಮವಾರ ಆರ್ಡರ್ ಬಂತು.

ಸದ್ಯ ನನ್ನಲ್ಲಿರುವುದು: ಲೇತ್ ಮೂರು, ಕೆಲಸದವರು ನಾಲ್ವರು, ತೆರೆದ ಟ್ಯಾಬ್ ಎರಡು, ಒಂಬತ್ತನೇ ಕ್ಲಾಸಿನ ನಂತರ ಮೊದಲ ಸಲ ತುಂಬಿಸುತ್ತಿರುವ ಸ್ಪೆಲ್ಲಿಂಗ್ ನೋಟ್‌ಬುಕ್ ಒಂದು.