ಎಣ್ಣೆಯ ಸಾಲು ಖಾಲಿ ಉಳಿದ ಚೀಟಿ

ನನ್ನ ಗ್ಯಾರೇಜಿನ ಗೋಡೆಯ ಮೇಲೆ, ದೇವರ ಫೋಟೋದ ಕೆಳಗೆ, ಅಂಗೈಯಗಲದ ಒಂದು ಚೀಟಿ ಅಂಟಿದೆ. ಬೈಲಹೊಂಗಲದ ಬಿಸಿಲೂ ನನ್ನ ಗ್ರೀಸಿನ ಬೆರಳೂ ಸೇರಿ ಅದರ ನೀಲಿಯನ್ನು ಬೂದಿಯ ಬಣ್ಣಕ್ಕೆ ತಂದಿವೆ. ಹಳೆಯ ಕಾರಿನ ಎಸಿಗೆ ಹೊಸ ಬಗೆಯ ಗ್ಯಾಸು ತುಂಬಿದಾಗ ಬಾನೆಟ್ಟಿನ ಒಳಗೆ ಅಂಟಿಸುವ ಚೀಟಿ ಅದು. ಯಾವ ಗ್ಯಾಸು, ಎಷ್ಟು, ಯಾವ ಎಣ್ಣೆ, ಮಾಡಿದವರು ಯಾರು ಎಂದು ನಾಲ್ಕು ಸಾಲು. ಮುಂದೆ ಆ ಕಾರನ್ನು ಬಿಚ್ಚುವವನು ಮೋಸ ಹೋಗಬಾರದೆಂಬ ಏರ್ಪಾಡು. ಇದರಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿದೆ. ಎಣ್ಣೆಯ ಸಾಲು ಖಾಲಿ. ಇದನ್ನೇಕೆ ಇಟ್ಟುಕೊಂಡಿದ್ದೀಯೆಂದು ಗಿರಾಕಿಗಳು ಕೇಳಿದರೆ ನಕ್ಕು ಬಾನೆಟ್ಟಿನೊಳಗೆ ಬಗ್ಗುತ್ತೇನೆ. ನಿಮಗಾದರೆ ಹೇಳಬಹುದು.

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಇಂಗ್ಲಿಷು ಕೈಹಿಡಿಯಲಿಲ್ಲ, ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ಸೋಲಲಿಲ್ಲ. ಓಡುವ ಕಂಪ್ರೆಸರಿನ ಸದ್ದು ಕೇಳಿಯೇ ಅದರ ಹೊಟ್ಟೆಯೊಳಗೆ ಏನು ನೋವಿದೆಯೆಂದು ಹೇಳುತ್ತಿದ್ದೆ. ಕಿತ್ತೂರು, ನೇಸರಗಿ, ಸವದತ್ತಿಯಿಂದ ನನ್ನನ್ನೇ ಹುಡುಕಿಕೊಂಡು ಕಾರುಗಳು ಬರುತ್ತಿದ್ದವು. ಆ ಹೆಮ್ಮೆ ಸುಳ್ಳಿನದಲ್ಲ, ಬೆವರಿನದು. ಆದರೆ ಬೆವರಿನ ಹೆಮ್ಮೆಯೂ ಒಮ್ಮೊಮ್ಮೆ ಕಿವಿಗೆ ಅಡ್ಡ ಕೂರುತ್ತದೆಂದು ನನಗೆ ತಿಳಿದದ್ದು ತಡವಾಗಿ.

ನನಗೆ ಅಕ್ಷರ ಕಲಿಸಿದ ಮಾಸ್ತರು ನಿವೃತ್ತರಾದ ಮೇಲೂ ತಮ್ಮ ಹಳೆಯ ಬಿಳಿ ಕಾರನ್ನು ಬಿಟ್ಟಿರಲಿಲ್ಲ. ಅವರ ಹೆಂಡತಿಗೆ, ನಾವು ಅವ್ವಾರು ಎನ್ನುವವರಿಗೆ, ದಮ್ಮಿನ ಕಾಯಿಲೆ. ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಮೂಗಿಗೆ ಬಡಿದರೆ ಎರಡು ದಿನ ಏಳುತ್ತಿರಲಿಲ್ಲ. ಆದರೂ ಹಾಸಿಗೆ ಹಿಡಿದಿದ್ದ ತಮ್ಮ ಅಕ್ಕನನ್ನು ನೋಡಲು ತಿಂಗಳಿಗೊಮ್ಮೆ ರಾಮದುರ್ಗಕ್ಕೆ ಹೋಗಲೇಬೇಕು. ಗಾಜು ಏರಿಸಿ ಎಸಿ ಹಾಕಿದರೆ ಮಾತ್ರ ಹೋಗಬಲ್ಲರು. ಒಂದು ಬೇಸಿಗೆಗೆ ಅದರ ಗ್ಯಾಸು ಸೋರಿಹೋಯಿತು. ಆ ಹಳೆಯ ಗ್ಯಾಸು ಪೇಟೆಯಲ್ಲಿ ಸಿಗುವ ಕಾಲ ಮುಗಿದಿತ್ತು, ಹೊಸದಕ್ಕೆ ಬದಲಿಸುವುದೊಂದೇ ದಾರಿ.

ಹೊಸ ಗ್ಯಾಸಿನ ಡಬ್ಬಿಯ ಜೊತೆ ಇಂಗ್ಲಿಷಿನ ಒಂದು ಕಾಗದ ಬಂದಿತ್ತು. ನಾನದನ್ನು ಮಡಚಿ ಪಾನಾದ ಪೆಟ್ಟಿಗೆಯ ತಳಕ್ಕೆ ಹಾಕುವುದನ್ನು ಮಾಸ್ತರು ನೋಡಿದರು.

“ಏನ ಬರದಾರೋ ಬಸಪ್ಪಾ ಅದರಾಗ? ಓದಿ ಹೇಳ್ಲೇನು?”

“ಬ್ಯಾಡ್ರಿ ಸರ್. ನಿಮ್ಮ ಸಾಲ್ಯಾಗ ನಾ ನಾಪಾಸು, ಖರೆ. ನನ್ನ ಸಾಲ್ಯಾಗ ನೀವಿನ್ನೂ ಒಂದನೇ ಇಯತ್ತೆ ಅದೀರಿ.”

“ಆತಪಾ, ಹಂಗಾರ ಹಿಂದಿನ ಬೆಂಚಿಗೆ ಕುಂದರತೇನಿ,” ಎಂದು ನಕ್ಕು ಹಳೆಯ ಟಾಯರಿನ ಮೇಲೆ ಕುಳಿತರು.

ಪೈಪಿನ ರಬ್ಬರು ಉಂಗುರಗಳನ್ನು ಬದಲಿಸಿದೆ, ಒಳಗಿನ ಗಾಳಿಯನ್ನೆಲ್ಲ ಯಂತ್ರದಿಂದ ಎಳೆದೆ, ಗ್ಯಾಸು ತುಂಬಿದೆ. ಕಂಪ್ರೆಸರಿನ ಹಳೆಯ ಎಣ್ಣೆಯನ್ನು ಮುಟ್ಟಲಿಲ್ಲ. ಎಣ್ಣೆಯೆಂದರೆ ಎಣ್ಣೆ, ಅದರಲ್ಲೇನು ಜಾತಿ ಎಂದುಕೊಂಡಿದ್ದೆ. ಚೀಟಿಯ ಆ ಸಾಲಿಗೆ ಏನು ಬರೆಯಬೇಕೆಂದು ತಿಳಿಯದೆ ಬಿಟ್ಟು, ಹೆಸರನ್ನು ಮಾತ್ರ ಚೆಂದಗೆ ಬರೆದೆ.

ಎಸಿಯ ಕೆಲಸ ಮುಗಿದರೆ ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತಿಸಿ ನೋಡುವುದು ನನ್ನ ಪದ್ಧತಿ. ಏರಿನಲ್ಲಿ ತಂಪು ಕೊಟ್ಟದ್ದು ಎಲ್ಲಿಯಾದರೂ ಕೊಡುತ್ತದೆ. ಆ ಮಧ್ಯಾಹ್ನದ ಉರಿಯಲ್ಲಿ ಮಾಸ್ತರನ್ನೂ ಅವ್ವಾರನ್ನೂ ಕೂರಿಸಿಕೊಂಡು ಹೋದೆ. ಹಿಂದಿನ ಸೀಟಿನ ಅವ್ವಾರು ಸೆರಗನ್ನು ಕಿವಿಯ ತನಕ ಎಳೆದುಕೊಂಡು, “ಥಂಡಿ ಜ್ವರ ಬರಸ್ತೀ ಏನೋ ತಮ್ಮಾ, ಒಂದೀಟ ಕಡಿಮಿ ಮಾಡು,” ಎಂದರು. ಅಷ್ಟು ದೊಡ್ಡ ಶಹಬ್ಬಾಸಗಿರಿಯನ್ನು ನನ್ನ ಶಾಲೆ ನನಗೆ ಎಂದೂ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ರಾಮದುರ್ಗಕ್ಕೆ ಹೊರಟವರು ಕಟಕೋಳ ದಾಟಿದ್ದರಷ್ಟೇ. ಕಂಪ್ರೆಸರು ಕಿರುಚಿ, ತಿರುಗದೆ ಹಿಡಿದುಕೊಂಡಿತು, ಬೆಲ್ಟು ಸುಟ್ಟು ಹರಿಯಿತು. ಹೊಗೆ ತುಂಬಿದ ಕಾರಿನ ಗಾಜು ಇಳಿಸಿ, ಅದೇ ಧೂಳಿನಲ್ಲಿ ಅವರು ತಿರುಗಿ ಬಂದರು. ಅವ್ವಾರು ಮೂರು ದಿನ ದಿಂಬಿಗೊರಗಿ ಕುಳಿತೇ ಉಸಿರೆಳೆದರು.

ಬಿಚ್ಚಿ ನೋಡಿದರೆ ಒಳಗೆ ಪಸೆಯಿಲ್ಲ; ಲೋಹ ಲೋಹವನ್ನು ತಿಂದು ಬೆಳ್ಳಿಯ ಹಿಟ್ಟು ಬಿದ್ದಿತ್ತು. ಪೆಟ್ಟಿಗೆಯ ತಳದಿಂದ ಕಾಗದ ತೆಗೆದು ಮಾಸ್ತರ ಕೈಗೆ ಕೊಟ್ಟೆ. ಹಿಂದೆ ನಮಗೆ ಶುದ್ಧಲೇಖನ ಹೇಳುತ್ತಿದ್ದ ದನಿಯಲ್ಲೇ, ಕನ್ನಡ ಮಾಡಿ ಮಾಡಿ ಓದಿದರು: ಹೊಸ ಗ್ಯಾಸು ಹಳೆಯ ಎಣ್ಣೆಯೊಡನೆ ಬೆರೆಯುವುದಿಲ್ಲ, ಅದನ್ನು ಹೊತ್ತು ತಿರುಗಿ ಕಂಪ್ರೆಸರಿಗೆ ಮುಟ್ಟಿಸುವುದಿಲ್ಲ, ಹಳೆಯದನ್ನು ಪೂರ್ತಿ ತೆಗೆದು ಹೇಳಿದ ಎಣ್ಣೆಯನ್ನೇ ಹಾಕಬೇಕು. ಇಷ್ಟೇ. ಬೈಗುಳಕ್ಕೆ ಬೆನ್ನು ಸಿದ್ಧಮಾಡಿಕೊಂಡು ನಿಂತಿದ್ದೆ. ಅವರು ಕನ್ನಡಕ ತೆಗೆದು, “ಅವತ್ತ ನಾನರ ಕಸಗೊಂಡು ಓದಬೇಕಿತ್ತು,” ಎಂದರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಅಷ್ಟು ಹಳೆಯ ಕಾರಿನ ಕಂಪ್ರೆಸರು ಬೆಳಗಾವಿಯಲ್ಲಿಲ್ಲ, ಹುಬ್ಬಳ್ಳಿಯಲ್ಲಿಲ್ಲ. ಕೇಳದ ಅಂಗಡಿಯಿಲ್ಲ. ಅದು ಬರುವುದಕ್ಕೆ ಮೂರು ತಿಂಗಳು ಹಿಡಿಯಿತು, ಅಷ್ಟರಲ್ಲಿ ರಾಮದುರ್ಗದ ಅಕ್ಕ ತೀರಿಕೊಂಡರು. ನಡುವೆ ಒಮ್ಮೆಯೂ ಹೋಗಲಾಗದ ತಂಗಿ, ಮೂಗಿಗೆ ಹಸಿ ಸೆರಗು ಕಟ್ಟಿಕೊಂಡು ಅಕ್ಕನ ಮಣ್ಣಿಗೆ ಹೋಗಿ ಬಂದರು.

ಆಮೇಲೆ ಪೈಪುಗಳನ್ನೆಲ್ಲ ತೊಳೆದು, ಹೊಸ ಕಂಪ್ರೆಸರು ಕೂರಿಸಿ, ಸರಿಯಾದ ಎಣ್ಣೆ ಹಾಕಿ, ಹಳೆಯ ಚೀಟಿಯನ್ನು ಹರಿಯದಂತೆ ಕಿತ್ತಿಟ್ಟುಕೊಂಡು, ಹೊಸದನ್ನು ಅಂಟಿಸಿ ಕಾರು ಒಪ್ಪಿಸಲು ಹೋದೆ.

“ಈಗ ಬರೋಬ್ಬರಿ ಆಗೇತ್ರಿ ಅವ್ವಾರ. ರಾಮದುರ್ಗದ ತನಕಾ ತಂಪ ಇರತೈತಿ.”

“ರಾಮದುರ್ಗದಾಗ ಇನ್ನ ನಂದೇನ ಉಳದೈತೋ ತಮ್ಮಾ,” ಎಂದರು ಅವ್ವಾರು. ಸಿಟ್ಟಿರಲಿಲ್ಲ. “ಬಾ ಒಳಗ, ಚಾ ಕುಡದ ಹೋಗು.” ಕುಡಿದೆ.

ನೋಡಿ, ನನ್ನ ಕಸುಬಿನಲ್ಲಿ ಎಲ್ಲರೂ ಅಂಗೈಗೆ ಸಿಗುವ ತಂಪನ್ನು ಹೊಗಳುತ್ತಾರೆ. ಕಾಣದೆ ಸುತ್ತಿ ಅದನ್ನು ಕಾಯುವ ಎಣ್ಣೆಯನ್ನು ಯಾರೂ ಕೇಳುವುದಿಲ್ಲ. ನಾನೂ ಹೊಗಳಿಕೆಯ ತಂಪಿನಲ್ಲೇ ಕೂತುಬಿಟ್ಟೆ. ಓದಿ ಹೇಳಿರಿ ಎಂದಿದ್ದರೆ ನನ್ನಿಂದ ಹೋಗುವುದೇನಿತ್ತು, ಐದು ನಿಮಿಷ. ಅದೂ ಬೇರೆ ಯಾರ ಮುಂದೆ, ನನ್ನ ಬೆರಳು ಹಿಡಿದು ಮರಳಿನ ಮೇಲೆ ಅ ಆ ಬರೆಸಿದವರ ಮುಂದೆ.

ಮೊನ್ನೆ ಕಿತ್ತೂರಿನವರೊಬ್ಬರು ಅಪ್ಪನ ಕಾಲದ ಕಾರು ತಂದಿದ್ದರು. ಗ್ಯಾಸಿನ ಡಬ್ಬಿಯ ಕಾಗದ ಅವರ ಕೈಗಿಟ್ಟು, “ಓದಿ ಹೇಳ್ರಿ, ನನಗ ಇಂಗ್ಲಿಷ್ ಬರಂಗಿಲ್ಲ,” ಎಂದೆ. ಅವರು ಓದಿದಂತೆ ಎಣ್ಣೆಯ ಸಾಲನ್ನು ಮೊದಲು ತುಂಬಿ, ಹೆಸರನ್ನು ಕೊನೆಗೆ, ಸಣ್ಣಕ್ಕೆ ಬರೆದೆ. ಬಾನೆಟ್ಟು ಮುಚ್ಚಿ ತಿರುಗಿದರೆ ಗೋಡೆಯ ಚೀಟಿ. ಕೈಯಲ್ಲಿ ಪೆನ್ನಿತ್ತು, ಆ ಎಣ್ಣೆಯ ಹೆಸರು ಈಗ ಬಾಯಿಪಾಠ. ಅದನ್ನೂ ತುಂಬಿಬಿಡೋಣವೆಂದು ಹತ್ತಿರ ಹೋದೆ. ಖಾಲಿ ಸಾಲಿನ ಕೆಳಗೆ ದಪ್ಪಕ್ಷರದ ನನ್ನ ಹೆಸರನ್ನು ಓದಿ, ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗಿಟ್ಟುಕೊಂಡೆ.